ಮೊಟ್ಟೆ ಹೊತ್ತ ಏಡಿಗೆ ದುಡ್ಡು ಕೊಡಬೇಡಿ

ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಬೆನ್ನ ಮೇಲೆ ಮೂರು ಚುಕ್ಕೆಯಿರುವ ಏಡಿಯನ್ನು ಪರಿಚಯಿಸಬೇಕಾಗಿಲ್ಲ. ಕೊಳ್ಳುವ ಮುನ್ನ ಅದನ್ನೊಮ್ಮೆ ಮಗುಚಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಗಂಡಿನ ಹೊಟ್ಟೆಯ ಮಡಿಕೆ ಕಿರಿದು, ಚೂಪು. ಬಲಿತ ಹೆಣ್ಣಿನದು ಅಗಲ, ದುಂಡು. ಕೆಲವು ಹೆಣ್ಣುಗಳಲ್ಲಿ ಆ ಮಡಿಕೆ ಮುಚ್ಚಲಾಗದಷ್ಟು ಉಬ್ಬಿರುತ್ತದೆ, ಒಳಗೆ ರವೆಯಂತಹ ಮುದ್ದೆ ಕಾಣುತ್ತದೆ. ಅವೇ ಮೊಟ್ಟೆಗಳು, ಲಕ್ಷಗಟ್ಟಲೆ. ಹೊಸದರಲ್ಲಿ ಹಳದಿ, ಕಿತ್ತಳೆ. ಒಳಗಿನ ಭ್ರೂಣ ತನ್ನ ಆಹಾರವನ್ನು ಉಣ್ಣುತ್ತಾ, ಕಣ್ಣು ಮೂಡುತ್ತಾ ಹೋದಂತೆ ಬಣ್ಣ ಕಂದಾಗಿ ಕಪ್ಪಿಗೆ ತಿರುಗುತ್ತದೆ. ಕಪ್ಪು ಮುದ್ದೆಯ ಏಡಿಯನ್ನು ಹಿಡಿದಿದ್ದೇವೆಂದರೆ, ಮರಿಗಳು ಇನ್ನೇನು ಹೊರಬೀಳಬೇಕು ಎನ್ನುವಾಗ ತಾಯಿಯನ್ನು ಎತ್ತಿ ತಂದಿದ್ದೇವೆ ಎಂದರ್ಥ.

ಆ ಮುದ್ದೆಯನ್ನು ನಮ್ಮಲ್ಲಿ ಹೆಚ್ಚಿನವರು ತಿನ್ನುವುದೂ ಇಲ್ಲ. ನಾವು ಚಪ್ಪರಿಸುವುದು ಚಿಪ್ಪಿನೊಳಗಿನ ಅಂಡಾಶಯವನ್ನು. ಹೊರಗಿನ ಮೊಟ್ಟೆಗಳನ್ನು ಏಡಿ ತೊಳೆಯುವಾಗ ಮಡಿಕೆಯ ಸಮೇತ ಕಿತ್ತು ಬಚ್ಚಲಿಗೆ ಎಸೆಯುತ್ತೇವೆ. ನನಗೆ ಸಹಿಸಲಾಗದ ಸಂಗತಿ ಇದು.

ಈ ಹೆಣ್ಣು ಕೂಡುವುದು ಪೊರೆ ಕಳಚಿ ಮೈ ಮೆತ್ತಗಿರುವಾಗ ಮಾತ್ರ. ಅದಕ್ಕೂ ಮೊದಲೇ ಗಂಡು ಅವಳನ್ನು ತನ್ನ ಹೊಟ್ಟೆಯಡಿ ಹಿಡಿದುಕೊಂಡು ಕಾಯುತ್ತದೆ. ಪಡೆದ ವೀರ್ಯವನ್ನು ಹೆಣ್ಣು ದೇಹದೊಳಗೆ ಕೂಡಿಟ್ಟುಕೊಳ್ಳುತ್ತದೆ, ಮತ್ತೆ ಗಂಡಿನ ಹಂಗಿಲ್ಲದೆ ಮುಂದಿನ ಕಂತಿನ ಮೊಟ್ಟೆಗಳಿಗೂ ಅದನ್ನೇ ಬಳಸುತ್ತದೆ. ಹಾಗಾಗಿ ಅವಳೊಂದಿಗೆ ಹೋಗುವುದು ಈ ಕಂತಿನ ಮೊಟ್ಟೆಗಳಷ್ಟೇ ಅಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆಯಲ್ಲ ಎನ್ನುತ್ತಾರೆ. ಇರಲಿ, ಬೇಕೇ ಬೇಕು. ಆದರೆ ನಮ್ಮ ಕಡಲಿನ ಏಡಿ ಆ 61 ದಿನಗಳನ್ನೇ ನೋಡಿ ಮೊಟ್ಟೆಯಿಡುವುದಿಲ್ಲ. ಮೊಟ್ಟೆ ಹೊತ್ತವು ನಿಷೇಧ ಮುಗಿದ ಮೇಲೂ ಬಲೆಗೆ ಬೀಳುತ್ತಲೇ ಇರುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೆಸರು ಏಡಿ, ನೀಲಿ ಏಡಿಗಳ ಹೆಣ್ಣನ್ನು ಹಿಡಿದಿಟ್ಟುಕೊಳ್ಳುವಂತೆಯೇ ಇಲ್ಲ. ನಾನು ಅಷ್ಟು ಕೇಳುತ್ತಿಲ್ಲ. ಮೊಟ್ಟೆ ಹೊತ್ತದ್ದನ್ನು ಮಾತ್ರ ಬಿಡೋಣ. ಬಲೆಗೆ ಸಿಕ್ಕ ಏಡಿ ಎಷ್ಟೋ ಸಲ ಜೀವಂತವಾಗಿಯೇ ಇರುತ್ತದೆ, ಕಾಲು ಮುರಿಯದಂತೆ ಬಿಡಿಸಿ ನೀರಿಗೆ ಹಾಕಿದರೆ ಬದುಕಬಲ್ಲದು.

ಮೀನುಗಾರರನ್ನು ಮಾತ್ರ ದೂರಬೇಡಿ. ಡೀಸೆಲ್ ಸುಟ್ಟು ತಂದವರಿಗೆ ಪ್ರತಿ ಏಡಿಯೂ ತೂಕವೇ, ದುಡ್ಡೇ. ಕೊಳ್ಳುವ ನಾವು ಬೇಡವೆಂದರೆ ಹರಾಜಿನಲ್ಲಿ ಅದರ ಬೆಲೆ ಬೀಳುತ್ತದೆ, ಆಗ ಕಡಲಲ್ಲೇ ಬಿಡಲು ಯಾರಿಗೂ ಕಷ್ಟವಾಗುವುದಿಲ್ಲ. ಮೊಟ್ಟೆ ಕೆರೆದು ಮಾರಲು ನೋಡುವವರೂ ಇರಬಹುದು. ಮಡಿಕೆ ಎತ್ತಿ, ಒಳಗಿನ ಕೂದಲಿನಂಥ ಎಳೆಗಳನ್ನು ನೋಡಿ. ಎಷ್ಟು ಕೆರೆದರೂ ನಾಲ್ಕು ಕಾಳು ಅಂಟಿಕೊಂಡಿರುತ್ತವೆ.