ನಿಂಬಾದ ಕಪ್ಪೆಗೆ ಬೇರೆ ಬೆಟ್ಟವಿಲ್ಲ

ಗಣಿ ಮುಗಿದ ಮೇಲೆ ಗಿಡ ನೆಡುತ್ತೇವೆ, ಪ್ರಾಣಿಗಳನ್ನು ಬೇರೆ ಕಡೆ ಬಿಡುತ್ತೇವೆ ಎಂಬ ಭರವಸೆಯನ್ನು ನಾನು ಯಾವ ಬೆಟ್ಟದ ವಿಷಯದಲ್ಲೂ ನಂಬುವುದಿಲ್ಲ. ಪಶ್ಚಿಮ ಆಫ್ರಿಕದ ನಿಂಬಾ ಬೆಟ್ಟದ ಮಟ್ಟಿಗಂತೂ ಅದು ಅಪ್ಪಟ ಸುಳ್ಳು.

ಗಿನಿ, ಐವರಿ ಕೋಸ್ಟ್, ಲೈಬೀರಿಯಾ ಗಡಿಗಳು ಕೂಡುವಲ್ಲಿ ಎದ್ದಿರುವ ಬೆಟ್ಟಸಾಲು ಅದು. ತುದಿ 1,752 ಮೀಟರ್ ಎತ್ತರ. ಕೆಳಗೆ ದಟ್ಟ ಕಾಡು, ನೆತ್ತಿಯಲ್ಲಿ ಮಂಜು ಕವಿಯುವ ಹುಲ್ಲುಗಾವಲು. ಆ ಹುಲ್ಲಿನ ನಡುವೆ ಎರಡು ಮೂರು ಸೆಂಟಿಮೀಟರ್ ಉದ್ದದ ನೆಲಗಪ್ಪೆಯೊಂದಿದೆ. ಅದು ಮೊಟ್ಟೆ ಇಡುವುದಿಲ್ಲ. ಅದರ ಮರಿಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಬಾಳೂ ಇಲ್ಲ. ಮಳೆಗಾಲದ ಕೊನೆಗೆ ಬಸಿರಾಗುವ ತಾಯಿ, ಒಣಹವೆ ಶುರುವಾಯಿತೆಂದರೆ ನೆಲದ ಬಿರುಕುಗಳಿಗೆ ಇಳಿದು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಆಗ ಒಳಗಿನ ಮರಿಗಳ ಬೆಳವಣಿಗೆಯೂ ಬಹುತೇಕ ತಡೆದು ನಿಲ್ಲುತ್ತದೆ. ಮಳೆ ಬಿದ್ದು ತಾಯಿ ಹೊರಬಂದ ಮೇಲೆ, ಗರ್ಭದ ಗೋಡೆಯಿಂದ ಒಸರುವ ರಸವನ್ನು ಬಾಯಿಂದಲೇ ಕುಡಿದು ಅವು ಬೆಳೆಯುತ್ತವೆ. ಒಂಬತ್ತು ತಿಂಗಳು ತುಂಬಿ ಜೂನ್ ಸುಮಾರಿಗೆ ಹುಟ್ಟುವಾಗ ಒಂದು ಸೆಂಟಿಮೀಟರೂ ಇರುವುದಿಲ್ಲ, ಆದರೆ ಕೈಕಾಲು ಮೂಡಿದ ಪೂರ್ಣ ಕಪ್ಪೆಗಳು! ಬೇರೆ ಎಷ್ಟೋ ನೆಲಗಪ್ಪೆಗಳು ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ಇದು ಒಮ್ಮೆಗೆ ಹೆರುವುದು ಹತ್ತರ ಆಸುಪಾಸು. ಇಂಥ ಜೀವಿ ಒಂದು ಪೆಟ್ಟು ತಿಂದರೆ ಚೇತರಿಸಿಕೊಳ್ಳುವುದು ಸುಲಭವಲ್ಲ.

ಅದೇ ಹುಲ್ಲಿನ ಅಡಿಯಲ್ಲಿ ಉತ್ಕೃಷ್ಟ ಕಬ್ಬಿಣದ ಅದಿರಿದೆ. ಲೈಬೀರಿಯಾದ ಕಡೆ 1960ರ ದಶಕದಿಂದಲೇ ಬೆಟ್ಟ ಅಗೆದು ಅದಿರು ಸಾಗಿಸಿದರು. ಗಿನಿಯ ಭಾಗ 1981ರಲ್ಲಿ, ಐವರಿ ಕೋಸ್ಟ್‌ನ ಭಾಗ ಮರುವರ್ಷ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 1992ರಿಂದ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿವೆ. ಇಷ್ಟಾದರೂ ಗಿನಿಯಲ್ಲಿ ಗಣಿಗೆಂದೇ ಒಂದು ತುಂಡನ್ನು ಪರಂಪರೆ ತಾಣದ ಗಡಿಯಿಂದ ಹೊರಗಿಟ್ಟಿದ್ದಾರೆ. ಕಪ್ಪೆ ಆ ತುಂಡಿನಲ್ಲೂ ಇದೆ.

ಮೃಗಾಲಯದಲ್ಲಿ ಸಾಕಿ ಉಳಿಸಿದರಾಯಿತು ಎನ್ನುವವರು ತಾಂಜಾನಿಯಾದ ಕಿಹಾನ್ಸಿಯನ್ನು ನೋಡಬೇಕು. ಅಲ್ಲಿ ಜಲಪಾತದ ತುಂತುರಿನಲ್ಲೇ ಬದುಕಿದ್ದ ಪುಟ್ಟ ನೆಲಗಪ್ಪೆ, ವಿದ್ಯುತ್ ಯೋಜನೆಗೆ ನೀರು ತಿರುಗಿಸಿದ ಮೇಲೆ ಕುಸಿಯಿತು; 2009ರಲ್ಲಿ ಕಾಡಿನಿಂದ ಅಳಿದಿದೆ ಎಂದು ಘೋಷಿಸಲಾಯಿತು. ಅಮೆರಿಕದ ಮೃಗಾಲಯಗಳಲ್ಲಿ ಬೆಳೆಸಿದ ಕಪ್ಪೆಗಳನ್ನು 2012ರಲ್ಲಿ ತಂದು ಬಿಟ್ಟರು, ಅದೂ ಕೊಳವೆಗಳಿಂದ ಕೃತಕ ತುಂತುರು ಹಾಯಿಸಿ. ನೀರನ್ನಾದರೂ ಹಾಗೆ ಹಾಯಿಸಬಹುದು. ಬೆಟ್ಟದ ನೆತ್ತಿಯನ್ನೇ ಕಡಿದ ಮೇಲೆ ಆ ಎತ್ತರವನ್ನು, ಆ ಮಂಜನ್ನು, ತಾಯಿಕಪ್ಪೆ ಇಳಿಯುವ ಬಿರುಕುಗಳನ್ನು ಎಲ್ಲಿಂದ ತರುತ್ತಾರೆ?

ಗಿನಿಯ ಜನರಿಗೆ ಕೆಲಸ ಬೇಕು, ರಸ್ತೆ ಬೇಕು. ಅದನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ಆದರೆ ಈ ಅದಿರು ಅಗೆಯದೇ ಉಳಿದರೆ ಆಗುವ ನಷ್ಟವನ್ನು ಆ ಬಡ ದೇಶವೊಂದೇ ಹೊರಬೇಕೇಕೆ? ವಿಶ್ವ ಪರಂಪರೆ ಎಂದು ಹೆಸರಿಟ್ಟ ಮೇಲೆ ಅದರ ವೆಚ್ಚದಲ್ಲೂ ಪ್ರಪಂಚದ ಪಾಲಿರಬೇಕು. ಹೊರಗಿಟ್ಟ ಆ ತುಂಡನ್ನು ಮೊದಲು ಗಡಿಯೊಳಗೆ ಸೇರಿಸಲಿ.