ಶಾಲೆ ನಡೆಸೋಕೆ ಅಂಕಿಅಂಶವೇ ಆಧಾರ ಆಗ್ಬೇಕಾ?

ಪರ

ಆಗ್ಲೇಬೇಕು. ಶಾಲೆ ವಿಷಯ ಬಂದ್ರೆ ನಮ್ಮಲ್ಲಿ ಎಲ್ರಿಗೂ ಒಂದೊಂದು ಅಭಿಪ್ರಾಯ, ಜೋರಾಗಿ ಮಾತಾಡೋರದ್ದೇ ಕೊನೆಗೆ ನಡೆಯೋದು, ಮಕ್ಕಳಿಗೆ ಏನು ಉಪಯೋಗ ಆಯ್ತು ಅಂತ ಅಳೆದು ನೋಡೋರು ಕಮ್ಮಿ. ಬಿಸಿಯೂಟದ ಮೊಟ್ಟೆನೇ ತಗೊಳ್ಳಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎಷ್ಟು ಗಲಾಟೆ ಆಯ್ತು, ಕೆಲವು ಸ್ವಾಮೀಜಿಗಳು ಬೇಡವೇ ಬೇಡ ಅಂದ್ರು, ಟೀವಿಲಿ ಚರ್ಚೆಯೋ ಚರ್ಚೆ. ಆಮೇಲೆ ಯಾದಗಿರಿಲಿ ಮೊಟ್ಟೆ ತಿಂತಿದ್ದ ಮಕ್ಕಳ ತೂಕ, ಎತ್ತರ ಅಳೆದು, ಮೊಟ್ಟೆ ಸಿಗದೇ ಇದ್ದ ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿದ್ರು, ಯಾದಗಿರಿ ಮಕ್ಕಳು ಚೆನ್ನಾಗಿ ಮೈ ತುಂಬ್ಕೊಂಡಿದ್ದು ಲೆಕ್ಕದಲ್ಲೇ ಕಾಣಿಸ್ತು, 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ಬಂತು. ಮಗು ತಟ್ಟೆಗೆ ಏನು ಬೀಳ್ಬೇಕು ಅನ್ನೋದು ಹೀಗೇ ತೀರ್ಮಾನ ಆಗ್ಬೇಕು, ಗಂಟಲು ಯಾರದ್ದು ದೊಡ್ಡದು ಅಂತ ನೋಡಿ ಅಲ್ಲ.

ಕ್ಲಾಸ್ ಒಳಗೂ ಅಷ್ಟೇ. ಹಳ್ಳಿ ಮಕ್ಕಳ ಕಲಿಕೆ ಅಳೆಯೋಕೆ 2005ರಿಂದ ನಡೀತಿರೋ ಅಸರ್ ಸಮೀಕ್ಷೆಯವರು ಹಳ್ಳಿ ಮನೆಗೇ ಹೋಗಿ ಮಗು ಕೈಗೆ ಒಂದು ಹಾಳೆ ಕೊಡ್ತಾರೆ, ಅದರಲ್ಲಿ ಬಿಡಿ ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ಕೆಲವು ಸಾಲು, ಎರಡನೇ ಕ್ಲಾಸ್ ಮಟ್ಟದ ಸಣ್ಣ ಕಥೆ, ಅಷ್ಟೇ ಇರೋದು. ಐದನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಆ ಕಥೆ ಓದಕ್ಕಾಗಲ್ಲ ಅಂತ ದೇಶಕ್ಕೆ ಗೊತ್ತಾಗಿದ್ದು ಆ ಹಾಳೆಯಿಂದ. ಇದನ್ನೇ ಟೀಚರ್ ತಮ್ಮ ಕ್ಲಾಸಲ್ಲಿ ಮಾಡಿದ್ರೆ ಯಾವ ಮಗು ಕಾಗುಣಿತದಲ್ಲೇ ತಡವರಿಸತ್ತೆ, ಯಾವ್ದು ‘ಅಮ್ಮ’ ಸಲೀಸಾಗಿ ಓದಿ ‘ರಾಷ್ಟ್ರ’ ಬಂದ ತಕ್ಷಣ ನಿಂತುಬಿಡತ್ತೆ ಅಂತ ಗೊತ್ತಾಗತ್ತೆ, ನಾಳೆ ಯಾರ್ಯಾರನ್ನ ಒಟ್ಟಿಗೆ ಕೂರಿಸಿ ಏನು ಕಲಿಸ್ಬೇಕು ಅನ್ನೋದೂ ಗೊತ್ತಾಗತ್ತೆ. ಹಿಂದಿನ ಬೆಂಚಿನ ಮಗು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಪಾಸಾಗ್ತಾ ಹೋಗೋದು ತಪ್ಪೋದು ಇದ್ರಿಂದ ಮಾತ್ರ.

ವಿರೋಧ

ಟೀಚರ್ ತಮ್ಮ ಕ್ಲಾಸಿಗೋಸ್ಕರ ಬರ್ಕೊಳ್ಳೋ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದ್ರೆ ಲೆಕ್ಕ ಮೇಲಿನೋರ ಕೈಗೆ ಹೋಗಿ ಶಾಲೆಗೆ, ಜಿಲ್ಲೆಗೆ ರ‍್ಯಾಂಕ್ ಕೊಡೋಕೆ ಶುರುವಾದ್ಮೇಲೆ ಕಥೆನೇ ಬೇರೆ. ಎಸ್ಸೆಸ್ಸೆಲ್ಸಿ ನೋಡಿ. 2023ರಲ್ಲಿ ಫಲಿತಾಂಶ 83.89%. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ರು, ರಿಸಲ್ಟ್ ಪಾತಾಳಕ್ಕೆ ಇಳೀತು, ಕೃಪಾಂಕ 20%ಕ್ಕೆ ಏರಿಸಿ ಎಷ್ಟು ಎಳೆದ್ರೂ 73.40% ಆಯ್ತು, 2025ರಲ್ಲಿ ಆ ಕೃಪಾಂಕ ತೆಗೆದಾಗ 62.34%. ಎರಡು ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾಗಿಬಿಟ್ರಾ? ಅಂದ್ರೆ ಅಷ್ಟು ವರ್ಷ ನಾವು ಯಾವ ಅಂಕಿ ಇಟ್ಕೊಂಡು ಹೆಮ್ಮೆ ಪಡ್ತಿದ್ವಿ, ಯಾವ ಅಂಕಿ ನೋಡಿ ನಿರ್ಧಾರ ಮಾಡ್ತಿದ್ವಿ?

ಅಂಕಿ ಬಿದ್ರೆ ಹೆಡ್‌ಮಾಸ್ಟರಿಗೆ ನೋಟಿಸ್. ನೋಟಿಸ್ ಭಯಕ್ಕೆ ಹುಟ್ಟಿದ್ದೇ ‘ಪಾಸಿಂಗ್ ಪ್ಯಾಕೇಜ್’. ಹತ್ತನೇ ಕ್ಲಾಸಿನ ಹುಡುಗನಿಗೆ ಥೇಲ್ಸ್ ಪ್ರಮೇಯ ಬಾಯಿಪಾಠ, ಒಂದು ಗ್ರಾಫ್, ಭಾರತದ ನಕ್ಷೆ ಬಿಡಿಸಿ ಸ್ಥಳ ಗುರುತಿಸೋದು, ವಿಜ್ಞಾನದ ಚಿತ್ರಗಳು, ಇಷ್ಟನ್ನೇ ಜನವರಿಯಿಂದ ಮಾರ್ಚ್‌ವರೆಗೆ ತಿದ್ದಿಸಿ ತಿದ್ದಿಸಿ ಪಾಸ್ ಮಾಡಿಸ್ತಾರೆ. ಮೇಷ್ಟ್ರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಅವ್ರನ್ನ ಅಳೆಯೋ ಗಜಕಡ್ಡಿ ಕೇಳೋದು ಅಷ್ಟೇ ಆಗಿದೆ. ಆದ್ರೆ ಆ ಹುಡುಗನಿಗೆ ಪ್ರಮೇಯ ಯಾಕೆ ಅಂತ ಯಾವತ್ತೂ ಗೊತ್ತಾಗಲ್ಲ.

ಇನ್ನು ಡೇಟಾ ತುಂಬೋ ಕೆಲಸ. ಎರಡೇ ಟೀಚರ್ ಇರೋ ಶಾಲೆಲಿ ಒಬ್ರು ಸ್ಯಾಟ್ಸ್ (ಮಕ್ಕಳ ವಿವರ ತುಂಬೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿಗೆ ಕೂತ್ರೆ ಇನ್ನೊಬ್ರು ಐದು ಕ್ಲಾಸ್ ನೋಡ್ಕೋಬೇಕು. ಹಾಜರಾತಿ, ಬಿಸಿಯೂಟ, ಆಧಾರ್ ತಿದ್ದುಪಡಿ, ಒಂದು ಮುಗಿಯೋಷ್ಟರಲ್ಲಿ ಇನ್ನೊಂದು ನಮೂನೆ ವಾಟ್ಸಾಪಲ್ಲಿ ಬರತ್ತೆ, ಸಂಜೆಯೊಳಗೆ ಕಳ್ಸಿ ಅಂತ.

ಎಲ್ಲಕ್ಕಿಂತ ಕೋಪ ಬರೋದು ಯಾವ ಅಂಕಿ ಆಚೆ ಬರ್ಬೇಕು ಅಂತ ಆರಿಸೋ ರೀತಿಗೆ. 2025ರಲ್ಲಿ ಕಲಬುರಗಿ 42.43% ತಗೊಂಡು ಕೊನೇ ಸ್ಥಾನ ಅಂತ ಎಲ್ಲಾ ಪೇಪರಲ್ಲೂ ಬಂತು. ಆ ಭಾಗದಲ್ಲಿ ಅಪ್ಪ ಅಮ್ಮ ಗುಳೆ ಹೋದಾಗ ಮಕ್ಕಳೂ ಜೊತೆಗೆ ಹೋಗ್ತಾರೆ, ತಿಂಗಳುಗಟ್ಟಲೆ ಶಾಲೆ ತಪ್ಪತ್ತೆ, ಗಣಿತ ಇಂಗ್ಲಿಷಿಗೆ ಕಾಯಂ ಟೀಚರ್ ಇಲ್ಲದ ಹೈಸ್ಕೂಲುಗಳಿವೆ. ಜಿಲ್ಲೆಗೊಂದು ರ‍್ಯಾಂಕ್ ಪ್ರಿಂಟ್ ಮಾಡೋ ಇಲಾಖೆ ಅದೇ ಪಟ್ಟಿಯಲ್ಲಿ ಪಕ್ಕಕ್ಕೊಂದು ಕಾಲಂ ಎಳೆದು, ಜಿಲ್ಲೆಯಲ್ಲಿ ಎಷ್ಟು ಹುದ್ದೆ ಖಾಲಿ ಬಿಟ್ಟಿದೀವಿ ಅಂತ ಯಾಕೆ ಬರೆಯಲ್ಲ?