ಕಕ್ಕದ ಬಣ್ಣ ನೋಡಿ, ದಿನ ಎಣಿಸಿ

"ಅಪರೂಪದ ಶಸ್ತ್ರಚಿಕಿತ್ಸೆ: ಹಸುಳೆಗೆ ಮರುಜನ್ಮ." ಪೇಪರಿನ ಒಳಪುಟಗಳಲ್ಲಿ ಇಂಥ ತಲೆಬರಹ ಆಗಾಗ ಕಾಣುತ್ತದೆ. ಜೊತೆಗೊಂದು ಫೋಟೋ. ಹಸಿರು ಗೌನಿನ ಡಾಕ್ಟರುಗಳು, ನಡುವೆ ಮಗುವನ್ನು ಎತ್ತಿಕೊಂಡ ತಾಯಿ. ಓದಿದರೆ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಆ ಸುದ್ದಿಯಲ್ಲಿ ನಾನು ಹುಡುಕುವ ಒಂದು ಸಾಲು ಸಾಮಾನ್ಯವಾಗಿ ಇರುವುದೇ ಇಲ್ಲ. ಆಪರೇಷನ್ ಆದಾಗ ಮಗುವಿಗೆ ಎಷ್ಟು ದಿನ ಆಗಿತ್ತು? ಕೆಲವು ಕಾಯಿಲೆಗಳಲ್ಲಿ ಸರ್ಜನ್ ಕೈಚಳಕದಷ್ಟೇ ಈ ಲೆಕ್ಕವೂ ಮುಖ್ಯ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡವನು. ಡಾಕ್ಟರಲ್ಲ. ರಕ್ತ ತೆಗೆಯುವುದು, ಮೆಷಿನ್ನಿಗೆ ಹಾಕುವುದು, ರಿಪೋರ್ಟ್ ಕೊಡುವುದು, ಇಷ್ಟೇ ಕೆಲಸ. ಎಳೆ ಮಕ್ಕಳ ಕಾಮಾಲೆ ಟೆಸ್ಟು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತದೆ. ಅದಕ್ಕೇ ಬಿಲಿಯರಿ ಅಟ್ರೇಸಿಯಾ ಎನ್ನುವ ಕಾಯಿಲೆಯ ಬಗ್ಗೆ ಒಂದು ಸಲ ವಿವರವಾಗಿ ಬರೆದುಬಿಡೋಣ ಅನ್ನಿಸಿತು.

ಹುಟ್ಟಿದ ಮಗುವಿಗೆ ಕಾಮಾಲೆ ಕಾಣಿಸಿಕೊಳ್ಳುವುದು ಹೊಸದಲ್ಲ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮೈ ಮೊದಲ ವಾರದಲ್ಲಿ ಹಳದಿಯಾಗುತ್ತದೆ. ಕೆಲವರನ್ನು ನೀಲಿ ಲೈಟಿನ ಕೆಳಗೆ ಮಲಗಿಸುತ್ತಾರೆ, ಇಳಿಯುತ್ತದೆ. ಎದೆಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ವಾರಗಟ್ಟಲೆ ಉಳಿದರೂ ತೊಂದರೆಯಿಲ್ಲ. ಈ ಸಾಧು ಕಾಮಾಲೆಗಳ ನಡುವೆಯೇ ಒಂದು ಕೆಟ್ಟ ಕಾಮಾಲೆ ಸದ್ದಿಲ್ಲದೆ ಸೇರಿಕೊಂಡಿರುತ್ತದೆ.

ಲಿವರಿನಲ್ಲಿ ತಯಾರಾಗುವ ಪಿತ್ತರಸ ಒಂದು ನಾಳದ ಮೂಲಕ ಕರುಳಿಗೆ ಇಳಿಯುತ್ತದೆ. ಕಕ್ಕಕ್ಕೆ ಹಳದಿ, ಕಂದು ಬಣ್ಣ ಬರುವುದು ಅದರಿಂದಲೇ. ಬಿಲಿಯರಿ ಅಟ್ರೇಸಿಯಾದಲ್ಲಿ ಆ ನಾಳ ಬಾತು, ಗಾಯ ಕಟ್ಟಿ, ಮುಚ್ಚಿಹೋಗುತ್ತದೆ. ಪಿತ್ತ ಒಳಗೇ ನಿಂತು ಲಿವರನ್ನು ಹಾಳುಮಾಡುತ್ತಾ ಹೋಗುತ್ತದೆ. ಕೆಲವೇ ತಿಂಗಳಲ್ಲಿ ಲಿವರ್ ಗಟ್ಟಿಯಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ. ತೈವಾನಿನಂಥ ಕಡೆ ಸುಮಾರು ಐದಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ, ಯುರೋಪಿನಲ್ಲಿ ಇನ್ನೂ ಕಡಿಮೆ ಮಕ್ಕಳಿಗೆ ಇದು ಬರುತ್ತದೆ. ಬಸುರಿನಲ್ಲಿ ತಾಯಿ ಏನೋ ತಿಂದಳು ಅಂತ ಬರುವ ಕಾಯಿಲೆ ಇದಲ್ಲ. ಇದನ್ನು ಅತ್ತೆಯಂದಿರು ದಯವಿಟ್ಟು ಎರಡು ಸಲ ಓದಿ.

ಮೋಸ ಎಲ್ಲಿದೆ ಅಂದರೆ, ಮೊದಲ ವಾರಗಳಲ್ಲಿ ಮಗು ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿಯುತ್ತದೆ, ತೂಕ ಏರುತ್ತದೆ, ಮುಖ ನೋಡಿ ನಗುತ್ತದೆ. ಸ್ವಲ್ಪ ಹಳದಿ, ಅಷ್ಟೇ.

ಇದಕ್ಕೆ ಆಪರೇಷನ್ ಕಂಡುಹಿಡಿದವರು ಜಪಾನಿನ ಸೆಂಡಾಯ್ ನಗರದ ಸರ್ಜನ್ ಮೊರಿಯೊ ಕಸಾಯ್. 1950ರ ದಶಕದ ಮಾತು. ಆಗ ಇಂಥ ಮಕ್ಕಳ ಹೊಟ್ಟೆ ತೆರೆದು ನೋಡಿ, ಜೋಡಿಸಲು ನಾಳವೇ ಇಲ್ಲ ಅಂತ ಗೊತ್ತಾದರೆ ಹಾಗೇ ಹೊಲಿದುಬಿಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಒಂದು ಮಗುವಿನ ಆಪರೇಷನ್ ಮಾಡುವಾಗ ಲಿವರಿನ ಬುಡದಲ್ಲಿ, ನಾಳ ಹೊರಬರಬೇಕಾದ ಜಾಗದಲ್ಲಿ ರಕ್ತ ಸುರಿಯತೊಡಗಿತಂತೆ. ಅದನ್ನು ನಿಲ್ಲಿಸಲು ಕಸಾಯ್ ಕರುಳನ್ನೇ ತಂದು ಅಲ್ಲಿಗೆ ಒತ್ತಿ ಹೊಲಿದರಂತೆ. ಆಮೇಲೆ ನೋಡಿದರೆ ಮಗುವಿನ ಕಕ್ಕಕ್ಕೆ ಬಣ್ಣ ಬಂದಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಲಿವರಿನ ಬಾಯಲ್ಲಿ ಇನ್ನೂ ತೆರೆದಿದ್ದವು, ಪಿತ್ತ ಅವುಗಳಿಂದ ಜಿನುಗಿ ಸೀದಾ ಕರುಳಿಗೆ ಬಂದಿತ್ತು. ಈ ಕೆಲಸ ಜಪಾನಿ ಭಾಷೆಯಲ್ಲಿ ಪ್ರಕಟವಾದದ್ದು 1959ರಲ್ಲಿ. ಇಂಗ್ಲಿಷ್‌ನಲ್ಲಿ ಬಂದದ್ದು 1968ರಲ್ಲಿ. ಪಶ್ಚಿಮದವರು ಬಹಳ ಕಾಲ ನಂಬಲಿಲ್ಲ.

ಇವತ್ತಿಗೂ ಆ ಆಪರೇಷನ್ನಿಗೆ ಕಸಾಯ್ ಎಂದೇ ಹೆಸರು. ಗಾಯಗಟ್ಟಿದ ನಾಳವನ್ನು ಲಿವರಿನ ಬಾಯಿಯವರೆಗೂ ಕತ್ತರಿಸಿ ತೆಗೆಯುತ್ತಾರೆ. ಸಣ್ಣ ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಅಲ್ಲಿಗೆ ಹೊಲಿಯುತ್ತಾರೆ. ನಾಲ್ಕೈದು ಕೆ.ಜಿ. ತೂಗುವ ಮಗು. ಒಂದೆರಡು ಮಿಲಿಮೀಟರ್ ಆಳ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಈಗ ದಿನದ ಲೆಕ್ಕಕ್ಕೆ ಬರೋಣ. ಹುಟ್ಟಿದ 60 ದಿನದೊಳಗೆ ಆಪರೇಷನ್ ಆದರೆ ಪಿತ್ತ ಹರಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಅದಕ್ಕೂ ಮುಂಚೆ ಆದರೆ ಇನ್ನೂ ಒಳ್ಳೆಯದು. ತಡವಾದಷ್ಟೂ ಸಾಧ್ಯತೆ ಇಳಿಯುತ್ತದೆ, 90 ದಿನ ದಾಟಿದರೆ ಬಹಳ ಕಡಿಮೆ. ಯಾಕೆಂದರೆ ಆ ಸಣ್ಣ ನಾಳಗಳೂ ಒಂದೊಂದಾಗಿ ಮುಚ್ಚುತ್ತಿರುತ್ತವೆ.

ಆಪರೇಷನ್ನನ್ನೇ ಉತ್ತಮಪಡಿಸಲು ಪ್ರಯತ್ನ ನಡೆಯಲಿಲ್ಲ ಅಂತಲ್ಲ. ಹೊಟ್ಟೆ ಕೊಯ್ಯದೆ ಸಣ್ಣ ತೂತುಗಳ ಮೂಲಕ, ಲ್ಯಾಪರೋಸ್ಕೋಪಿಯಲ್ಲಿ ಮಾಡಿ ನೋಡಿದರು. ಜರ್ಮನಿಯ ಹ್ಯಾನೋವರ್ ತಂಡ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಹಳೆಯ ವಿಧಾನದಲ್ಲಿ ಆದ ಮಕ್ಕಳ ಲಿವರೇ ಹೆಚ್ಚು ಉಳಿದಿತ್ತು, ಅದಕ್ಕೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಆಪರೇಷನ್ ಆದಮೇಲೆ ಜಾಸ್ತಿ ಡೋಸ್ ಸ್ಟಿರಾಯ್ಡ್ ಕೊಟ್ಟರೆ ಹೇಗೆ ಅಂತ ಅಮೆರಿಕದಲ್ಲಿ ನೋಡಿದರು. 2014ರಲ್ಲಿ ಉತ್ತರ ಬಂತು: ಹೇಳಿಕೊಳ್ಳುವಂಥ ಲಾಭ ಇಲ್ಲ. ಹೊಸದೆಲ್ಲ ಮೇಲಲ್ಲ, ಅಲ್ವಾ?

ಹಾಗಾದರೆ ಏನು ಕೆಲಸ ಮಾಡಿತು? ಒಂದು ಕಾಗದದ ತುಂಡು. ತೈವಾನ್ ಸರ್ಕಾರ 2004ರಲ್ಲಿ ಪ್ರತಿ ಮಗುವಿನ ಆರೋಗ್ಯ ಪುಸ್ತಕದೊಳಗೆ ಕಕ್ಕದ ಬಣ್ಣಗಳ ಫೋಟೋ ಇರುವ ಕಾರ್ಡ್ ಇಟ್ಟಿತು. ಇವು ಸರಿಯಾದ ಬಣ್ಣ, ಇವು ಸರಿಯಿಲ್ಲದ್ದು, ಹೀಗೆ ಕಂಡರೆ ಕೂಡಲೇ ಫೋನ್ ಮಾಡಿ. ಅಷ್ಟೇ ವಿಷಯ. ಡಾ. ಮೇ-ಹ್ವೇ ಚಾಂಗ್ ಮತ್ತು ಅವರ ಜೊತೆಯವರು ನಡೆಸಿದ ಕೆಲಸ ಇದು. 2004ರಲ್ಲಿ 60 ದಿನದೊಳಗೆ ಕಸಾಯ್ ಆದ ಮಕ್ಕಳು 60%. ಮರುವರ್ಷವೇ 74%. ಕಾರ್ಡ್ ಬರುವ ಮುಂಚೆ ಈ ಕಾಯಿಲೆಯ ಮಕ್ಕಳಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 56ರಷ್ಟು, ಬಂದಮೇಲೆ 89ರಷ್ಟು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾವ ರೋಬೋಟ್ ಕೊಟ್ಟೀತು ಇಷ್ಟು ದೊಡ್ಡ ಜಿಗಿತ? ಜಪಾನ್ ಕೂಡ 2012ರಿಂದ ತಾಯಿ-ಮಗುವಿನ ಕೈಪಿಡಿಯಲ್ಲಿ ಈ ಬಣ್ಣಗಳನ್ನು ಅಚ್ಚುಹಾಕುತ್ತಿದೆ.

ನಮ್ಮ ಕಡೆ ನೋಡಿ. ಬಾಣಂತಿ ಕೋಣೆ ಅಂದರೆ ಕಿಟಕಿ ಮುಚ್ಚಿ, ಪರದೆ ಎಳೆದು, ಒಂದು ಮಂದ ಬಲ್ಬು. ಆ ಬೆಳಕಲ್ಲಿ ಎಲ್ಲ ಮಕ್ಕಳೂ ಹಳದಿಯೇ. ಮಗುವಿನ ಮೈಗೆ ಎಣ್ಣೆ, ಕಡಲೆಹಿಟ್ಟು, ಅರಿಶಿನ. ಮೊದಲಾದರೆ ಅಜ್ಜಿಯಂದಿರು ಬಟ್ಟೆ ಒಗೆಯುತ್ತಿದ್ದರು, ಬಣ್ಣ ಅವರ ಕಣ್ಣಿಗೆ ಬೀಳುತ್ತಿತ್ತು. ಎಳೆ ಮಗುವಿನ ಉಚ್ಚೆ ನೀರಿನ ಹಾಗಿರಬೇಕು, ಬಟ್ಟೆಗೆ ಹಳದಿ ಕಲೆ ಕೂತರೆ ಅದೂ ಒಂದು ಸೂಚನೆ. ಈಗ ಡಯಾಪರ್. ರಾತ್ರಿ ಎರಡು ಗಂಟೆಗೆ ಅರೆನಿದ್ದೆಯಲ್ಲಿ ಬಿಚ್ಚಿ, ಸುತ್ತಿ, ಕಸದ ಡಬ್ಬಿಗೆ.

ಇನ್ನು ನಾಟಿ ಔಷಧಿ. ಕಾಮಾಲೆಗೆ ಸೊಪ್ಪಿನ ರಸ ಕೊಡುವ ಮನೆ ನಮ್ಮಲ್ಲಿ ಪ್ರತಿ ಹೋಬಳಿಗೊಂದಿದೆ. ದೊಡ್ಡವರ ಕಾಮಾಲೆ ಬಹಳ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಆ ಜಗಳ ಇವತ್ತು ಬೇಡ. ಆದರೆ ಮುಚ್ಚಿದ ನಾಳವನ್ನು ಯಾವ ಸೊಪ್ಪೂ ತೆರೆಯುವುದಿಲ್ಲ. ಬರೆ ಹಾಕಿಸಿಕೊಂಡು ಬಂದ ಎಳೆ ಹೊಟ್ಟೆಗಳನ್ನೂ ನೋಡಿದ್ದೇನೆ. ಅದರ ಬಗ್ಗೆ ಬರೆದರೆ ಕೈ ಬಿಗಿಯುತ್ತದೆ, ಮುಂದೆ ಹೋಗುತ್ತೇನೆ.

ಒಂದು ದಿನ ಸಕ್ಕರೆ ಟೆಸ್ಟಿಗೆ ಬಂದ ಅಜ್ಜಿಯೊಬ್ಬರು ಮಾತಿಗೆ ಮಾತು ಬಂದು ಹೇಳಿದರು. "ನಮ್ಮ ಮೊಮ್ಮಗೀಗೆ ಇನ್ನೂ ಕಾಮಾಲೆ ಇಳಿದಿಲ್ಲ ಕಣಪ್ಪ. ಔಷಧಿ ಹಾಕ್ಸಿದೀವಿ, ಬಾಣಂತಿ ಪಥ್ಯ ಮಾಡ್ತಾವ್ಳೆ."

"ಹೊರಗಡೆ ಯಾವ ಬಣ್ಣ ಹೋಗುತ್ತೆ ಅಜ್ಜಿ?"

"ಸುಣ್ಣ ಕಲಸ್ದಂಗೆ ಹೋಯ್ತದೆ. ಹಾಲು ಕುಡಿಯೋ ಮಗ ಅಲ್ವಾ, ಬೆಳ್ಳಗೆ ಹೋಗದೆ ಇನ್ನೇನು?"

ಮಗುವಿಗೆ ಮೂರು ತಿಂಗಳು ತುಂಬುತ್ತಿತ್ತು. ಅದೇ ದಿನ ಮಧ್ಯಾಹ್ನ ಕರೆತಂದರು. ಅವರ ಹಳೆಯ ಚೀಟಿಗಳನ್ನೂ ನೋಡಿದೆ. ಮೊದಲ ವಾರ ಒಟ್ಟು ಬಿಲಿರುಬಿನ್, ಅಂದರೆ ಮೈಯನ್ನು ಹಳದಿ ಮಾಡುವ ಅಂಶ, 15. ತಿಂಗಳಾದಾಗ 9. ಇಳಿಯುತ್ತಿದೆ, ಎದೆಹಾಲಿನ ಕಾಮಾಲೆ, ಬೆಳಗಿನ ಬಿಸಿಲಿಗೆ ಹಿಡಿಯಿರಿ ಅಂತ ಯಾರೋ ಹೇಳಿ ಕಳಿಸಿದ್ದರು. ಆ ಒಂಬತ್ತರಲ್ಲಿ ಡೈರೆಕ್ಟ್ ಎಷ್ಟು ಅಂತ ಯಾರೂ ಕೇಳಿರಲಿಲ್ಲ. ನನ್ನ ಟೆಸ್ಟಿನಲ್ಲಿ ಒಟ್ಟಿನ ಅರ್ಧಕ್ಕಿಂತ ಜಾಸ್ತಿ ಡೈರೆಕ್ಟೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನ್ನ ಕಸುಬಿನ ವಿಷಯ. ರಕ್ತದಲ್ಲಿ ಬಿಲಿರುಬಿನ್ ಎರಡು ಥರ ಇರುತ್ತದೆ. ಲಿವರಿಗೆ ಇನ್ನೂ ಹೋಗದೇ ಇರುವುದು ಇನ್‌ಡೈರೆಕ್ಟ್. ಲಿವರ್ ಅದನ್ನು ಹದಮಾಡಿ ಹೊರಗೆ ಕಳಿಸಲು ತಯಾರು ಮಾಡಿದ್ದು ಡೈರೆಕ್ಟ್. ಸಾಮಾನ್ಯ ಕಾಮಾಲೆಯಲ್ಲಿ ಮೊದಲನೆಯದು ಜಾಸ್ತಿ. ಹೊರಗೆ ಹೋಗುವ ದಾರಿಯೇ ಕಟ್ಟಿದರೆ ಎರಡನೆಯದು ರಕ್ತಕ್ಕೆ ವಾಪಸ್ ಬರುತ್ತದೆ. ಡೈರೆಕ್ಟ್ ಒಂದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿತೆಂದರೆ ಸುಮ್ಮನೆ ಕೂರುವ ಹಾಗಿಲ್ಲ. ಇದು ಗೊತ್ತಾಗಲು ಮಗುವಿಗೆ ಇನ್ನೊಂದು ಸಲ ಚುಚ್ಚಬೇಕಿಲ್ಲ. ಅದೇ ರಕ್ತ, ಇನ್ನೊಂದು ರೀಏಜೆಂಟ್, ಕೆಲವು ನಿಮಿಷ. ಆದರೂ ಎಳೆ ಮಕ್ಕಳ ಎಷ್ಟೋ ಚೀಟಿಗಳಲ್ಲಿ ಬರೀ "ಟೋಟಲ್" ಎಂದಿರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಹಣೆಗೋ ಎದೆಗೋ ಒತ್ತಿ ನೋಡುವ ಮೆಷಿನ್ ಬಂದಿದೆ. ಚುಚ್ಚುವ ಕಷ್ಟವಿಲ್ಲ, ಒಳ್ಳೆಯದೇ. ಆದರೆ ಅದು ಒಟ್ಟು ಅಂದಾಜು ಮಾತ್ರ ಹೇಳುತ್ತದೆ, ಡೈರೆಕ್ಟ್ ಹೇಳುವುದಿಲ್ಲ.

ಆ ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಸ್ಕ್ಯಾನ್, ಬಯಾಪ್ಸಿ ಎಲ್ಲ ಆಗಿ ಕಸಾಯ್ ಆಯಿತು. ಪಿತ್ತ ಸಾಕಷ್ಟು ಹರಿಯಲಿಲ್ಲ. ಈಗ ಲಿವರ್ ಕಸಿಗೆ ಅಮ್ಮನ ಟೆಸ್ಟುಗಳು ನಡೆಯುತ್ತಿವೆ.

ಕಸಿ ಅಂದರೆ ದಾರಿ ಮುಗಿಯಿತು ಅಂತಲ್ಲ, ಅದನ್ನೂ ಹೇಳಬೇಕು. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಮೊದಲ ಬಾರಿ ಮನುಷ್ಯನಿಗೆ ಲಿವರ್ ಕಸಿ ಮಾಡಲು ಕೈಹಾಕಿದ್ದೇ ಈ ಕಾಯಿಲೆಯ ಮಗುವೊಂದಕ್ಕೆ. ಆ ಮಗು ಉಳಿಯಲಿಲ್ಲ. 1989ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜಪಾನಿನ ತಾಯಿಯೊಬ್ಬಳ ಲಿವರಿನ ತುಂಡನ್ನು ಅವಳ ಮಗನಿಗೆ ಜೋಡಿಸಿ ಗೆದ್ದರು. ದೊಡ್ಡವರ ಲಿವರಿನ ಎಡಭಾಗದ ಒಂದು ಸಣ್ಣ ಪಾಲು ಮಗುವಿಗೆ ಸಾಕು, ಕೊಟ್ಟವರದ್ದು ಮತ್ತೆ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಮಗುವಿಗೆ ಮೊದಲ ಯಶಸ್ವಿ ಕಸಿ 1998ರ ನವೆಂಬರ್‌ನಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ ಆಯಿತು. ತಮಿಳುನಾಡಿನ, ಎರಡು ವರ್ಷವೂ ತುಂಬದ ಗಂಡುಮಗು. ಕಾಯಿಲೆ ಇದೇ. ಲಿವರ್ ಕೊಟ್ಟದ್ದು ಅಪ್ಪ. ಆ ಹುಡುಗ ದೊಡ್ಡವನಾಗಿ ಡಾಕ್ಟರಾದ. ಹಾಗಂತ ಕಸಿ ಇದೆಯಲ್ಲ ಬಿಡಿ ಅನ್ನುವಂತಿಲ್ಲ. ಖರ್ಚು ಲಕ್ಷಗಟ್ಟಲೆ, ಮಾತ್ರೆ ಜೀವನಪೂರ್ತಿ. ಕಸಾಯ್ ಚೆನ್ನಾಗಿ ಆದ ಮಕ್ಕಳಲ್ಲೂ ಬಹಳಷ್ಟು ಮಂದಿಗೆ ಮುಂದೆಂದೋ ಕಸಿ ಬೇಕಾಗಬಹುದು. ಆದರೆ ಅಷ್ಟರಲ್ಲಿ ಮಗು ಬೆಳೆದಿರುತ್ತದೆ. ಆ ವರ್ಷಗಳ ಬೆಲೆ ಸಣ್ಣದಲ್ಲ.

ನಮ್ಮಲ್ಲಿ ವ್ಯವಸ್ಥೆ ಇಲ್ಲ ಅಂತ ಗೊಣಗುವವರ ಮಾತು ನಾನು ಒಪ್ಪುವುದಿಲ್ಲ. ಆಶಾ ಕಾರ್ಯಕರ್ತೆಯರು ಹುಟ್ಟಿದ ಮಗುವನ್ನು ನೋಡಲು 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಜನ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅದು 42ನೇ ದಿನದ ಹೊತ್ತಿಗೆ. 60ಕ್ಕೆ ಇನ್ನೂ ಟೈಮಿದೆ! ಭೇಟಿಗಳಿವೆ, ಹೋಗುವ ಹೆಣ್ಣುಮಕ್ಕಳಿದ್ದಾರೆ, ತಾಯಿ ಕಾರ್ಡ್ ಇದೆ. "ಕಕ್ಕ ಯಾವ ಬಣ್ಣ?" ಎನ್ನುವ ಪ್ರಶ್ನೆ ಪ್ರತಿ ಭೇಟಿಯಲ್ಲೂ ಬರಬೇಕು. ನಮ್ಮ ಮನೆಯಲ್ಲಿರುವ ತಾಯಿ ಕಾರ್ಡನ್ನು ಹಿಂದೆ ಮುಂದೆ ತಿರುವಿದೆ, ಬಣ್ಣದ ಪುಟ ಕಾಣಲಿಲ್ಲ. ಒಂದು ಪುಟ ಸೇರಿಸಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಆದರೆ ಪ್ರಿಂಟ್ ಸರಿಯಿರಬೇಕು. ಟೆಂಡರಿನಲ್ಲಿ ಕಡಿಮೆ ರೇಟಿಗೆ ಹಿಡಿದವನು ಎಲ್ಲ ಬಣ್ಣವನ್ನೂ ಒಂದೇ ಕಂದು ಮಾಡಿಬಿಟ್ಟರೆ ಇದ್ದೂ ಇಲ್ಲದಂತೆ.

ಮನೆಯವರಿಗೆ ನನ್ನ ಮಾತು ಇಷ್ಟು. ಸಾಸಿವೆ ಹಳದಿ, ಹಸಿರು, ಕಂದು ಸರಿ. ಬಿಳಿ, ಸುಣ್ಣ, ಬೂದಿ, ಜೇಡಿಮಣ್ಣು, ತೀರಾ ಪೇಲವ ಹಳದಿ ಸರಿಯಲ್ಲ. ಕೆಲವು ಮಕ್ಕಳಲ್ಲಿ ಮೊದಲು ಸರಿಯಿದ್ದ ಬಣ್ಣ ವಾರ ಕಳೆದಂತೆ ಮಾಸುತ್ತದೆ, ಅದಕ್ಕೆ ಒಂದು ಸಲ ನೋಡಿ ಬಿಟ್ಟರಾಗದು. ಹದಿನಾಲ್ಕು ದಿನ ಕಳೆದೂ ಕಣ್ಣು ಹಳದಿಯಿದ್ದರೆ "ಡೈರೆಕ್ಟ್ ಬಿಲಿರುಬಿನ್ ಕೂಡ ಬರೆಯಿರಿ ಸಾರ್" ಅಂತ ಬಾಯಿಬಿಟ್ಟು ಕೇಳಿ. ಮೂಗಿನಿಂದಲೋ ಹೊಕ್ಕುಳಿನಿಂದಲೋ ರಕ್ತ ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಓಡಿ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ, ತಲೆಯೊಳಗೂ ಸೋರಬಹುದು.

ಇದನ್ನು ಓದಿ ಕೆಲವರು ಇನ್‌ಬಾಕ್ಸಿಗೆ ಡಯಾಪರ್ ಫೋಟೋ ಕಳಿಸುತ್ತೀರಿ, ಗೊತ್ತು. ಕಳಿಸಬೇಡಿ. ಟ್ಯೂಬ್‌ಲೈಟಿನಲ್ಲಿ ತೆಗೆದ ಫೋಟೋದಲ್ಲಿ ಬಣ್ಣ ಬದಲಾಗುತ್ತದೆ, ನಾನು ಡಾಕ್ಟರೂ ಅಲ್ಲ. ಆ ಡಯಾಪರನ್ನೇ ಒಂದು ಕವರಿಗೆ ಹಾಕಿ ಕಟ್ಟಿ, ಮಗುವಿನ ಜೊತೆ ತೆಗೆದುಕೊಂಡು ಹೋಗಿ ಮಕ್ಕಳ ಡಾಕ್ಟರ ಮುಂದೆ ಬಿಚ್ಚಿ. ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ.